ರಸ್ತೆಯಿಂದ ನೀರಿನ ಹೊಂಡಕ್ಕೆ: ಲಲಿತಾ ಬಾಬರ್ ಓಟದ ಒಂದು ಪ್ರಕರಣ ಅಧ್ಯಯನ

ಡೊಂಬಿವಲಿಯಲ್ಲಿ ಖಾನಾವಳಿ ನಡೆಸುವ ಹಿರಿಯರೊಬ್ಬರು ಕಳೆದ ಮಳೆಗಾಲದಲ್ಲಿ ನನ್ನ ಮುಂದಿಟ್ಟ ಪ್ರಶ್ನೆಯಿಂದ ಈ ಬರಹ ಹುಟ್ಟಿತು. ಅವರು ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಮಗಳಿಗೆ ಈಗ ಹತ್ತೊಂಬತ್ತು ವರ್ಷ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನಾನು ಉಪನಗರದ ಮೈದಾನವೊಂದರಲ್ಲಿ ಬೆಳಗಿನ ಹೊತ್ತು ಕೆಲವು ಮಕ್ಕಳಿಗೆ ದೂರದ ಓಟ ಹೇಳಿಕೊಡುತ್ತಿದ್ದೇನೆ, ಅವರಲ್ಲಿ ಈ ಹುಡುಗಿಯೂ ಒಬ್ಬಳು. ಮುಂಬಯಿ, ಠಾಣೆ ಭಾಗದಲ್ಲಿ ಚಳಿಗಾಲದ ಭಾನುವಾರಗಳಂದು ನಡೆಯುವ ಹತ್ತು ಕಿಲೋಮೀಟರ್ ಮತ್ತು ಹಾಫ್ ಮ್ಯಾರಥಾನ್ ಓಟಗಳಲ್ಲಿ ಅವಳು ಆಗಾಗ ಬಹುಮಾನ ತರುತ್ತಾಳೆ, ಆ ಹಣ ಮನೆಗೂ ಆಗುತ್ತದೆ. ಅವಳನ್ನು ಟ್ರ್ಯಾಕ್‌ಗೆ, ಅದರಲ್ಲೂ ಮರದ ತೊಲೆ, ನೀರಿನ ಹೊಂಡ ದಾಟುತ್ತ ಓಡುವ 3000 ಮೀಟರ್ ಸ್ಟೀಪಲ್‌ಚೇಸ್‌ಗೆ ಪಳಗಿಸೋಣ ಎಂದು ನಾನು ಹೇಳಿ ಕಳಿಸಿದ್ದಕ್ಕೆ ತಂದೆಯೇ ಮೈದಾನಕ್ಕೆ ಬಂದರು.

“ಅಲ್ಲರೀ ಸರ, ರಸ್ತೆ ಮ್ಯಾಲಿನ ಓಟದಾಗ ನಾಕ ರೊಕ್ಕಾನೂ ಬರ್ತಾವ, ಮಂದೀನೂ ಗುರ್ತು ಹಿಡೀತಾರ. ಅದನ್ನ ಬಿಟ್ಟು ಈ ಕಟ್ಟಿಗಿ ಜಿಗಿಯೂದ್ರಾಗ ಏನ್ ಐತ್ರಿ? ಕಾಲು ಮುರಕೊಂಡ್ಲಂದ್ರ ಮುಂದ ಹ್ಯಾಂಗ್ರಿ?”

ಅವರ ಆತಂಕ ನ್ಯಾಯವಾದದ್ದೇ. ಆ ದಿನ ನಾನು ಅವರಿಗೆ ಲಲಿತಾ ಬಾಬರ್ ಅವರ ಹೆಸರು ಹೇಳಿದೆ, ಅವಸರದಲ್ಲಿ ಅರ್ಧ ಕಥೆಯನ್ನೂ ಹೇಳಿದೆ. ಮುಂಬಯಿ ಮ್ಯಾರಥಾನ್ ಗೆದ್ದ ಹುಡುಗಿ ಸ್ಟೀಪಲ್‌ಚೇಸ್‌ಗೆ ಬಂದು ಒಲಿಂಪಿಕ್ಸ್ ಫೈನಲ್ ತಲುಪಿದಳು ಎಂಬಷ್ಟೇ ಆ ಅರ್ಧ ಕಥೆ. ಮನೆಗೆ ಬಂದು ಕೂತಾಗ ಅಷ್ಟು ಹೇಳಿದ್ದು ತಪ್ಪಾಯಿತು ಎನಿಸಿತು. ಒಬ್ಬ ಓಟಗಾರ್ತಿ ಒಂದಕ್ಕಿಂತ ಹೆಚ್ಚು ದೂರಗಳಲ್ಲಿ ಗೆದ್ದಳು ಎಂಬುದು ಹೊಗಳಿಕೆಯ ಮಾತಾಗಿ ಚೆನ್ನಾಗಿ ಕೇಳಿಸುತ್ತದೆಯಾದರೂ, ಯಾವ ತಿಂಗಳಲ್ಲಿ ಯಾವ ಓಟ, ಎಷ್ಟು ಸಮಯ, ಯಾವುದನ್ನು ಯಾವಾಗ ಬದಿಗಿಟ್ಟಳು ಎಂಬುದನ್ನು ನೋಡದೆ ಅದರಿಂದ ಇನ್ನೊಬ್ಬ ಹುಡುಗಿಯ ಬದುಕಿನ ಬಗ್ಗೆ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಹಾಗಾಗಿ ಆ ಪ್ರಕರಣವನ್ನು ಅಂಕಿಗಳ ಸಮೇತ, ಮುಖ್ಯವಾಗಿ 2014ರ ಜನವರಿಯಿಂದ 2015ರ ಆಗಸ್ಟ್‌ವರೆಗಿನ ಅವಧಿಯನ್ನು ಮುಂದಿಟ್ಟುಕೊಂಡು, ಇಲ್ಲಿ ಬರೆದಿದ್ದೇನೆ.

ಹಿನ್ನೆಲೆ

ಲಲಿತಾ ಬಾಬರ್ ಹುಟ್ಟಿದ್ದು 1989ರ ಜೂನ್ 2ರಂದು, ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಮಾಣ ತಾಲೂಕಿನ ಮೋಹಿ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ. ಅದು ಸಹ್ಯಾದ್ರಿಯ ಮಳೆನೆರಳಿನ ಸೀಮೆ. ಮಹಾಬಳೇಶ್ವರದಲ್ಲಿ ಧಾರಾಕಾರ ಸುರಿಯುವ ಮಳೆ ಅದೇ ಜಿಲ್ಲೆಯ ಪೂರ್ವಕ್ಕೆ ಬರುವಷ್ಟರಲ್ಲಿ ಬತ್ತಿಹೋಗಿರುತ್ತದೆ. ಶಿಖರ ಶಿಂಗಣಾಪುರದ ಮಹಾದೇವನ ಗುಡ್ಡ ಇರುವುದೂ ಈ ತಾಲೂಕಿನಲ್ಲಿಯೇ. ಅಲ್ಲಿಗೆ ಹೋಗಿಬಂದವರಿಗೆ ಆ ಕಲ್ಲುನೆಲದ ಏರಿಳಿತ ನೆನಪಿದ್ದೀತು. ಮರಾಠಿ ಪತ್ರಿಕೆಗಳು ಆಕೆಯನ್ನು ‘ಮಾಣದೇಶಿ ಎಕ್ಸ್‌ಪ್ರೆಸ್’ ಎಂದು ಕರೆದದ್ದು ಆ ಸೀಮೆಯ ಹೆಸರಿನಿಂದ. ಬರದ ನಾಡಿನಿಂದ ಬಂದವರಿಗೆ ಗಟ್ಟಿತನ ತಾನಾಗಿಯೇ ಬರುತ್ತದೆ ಎಂದು ಬರೆಯುವ ರೂಢಿಯೊಂದು ನಮ್ಮಲ್ಲಿದೆ. ಅದನ್ನು ನಾನು ಒಪ್ಪುವುದಿಲ್ಲ. ಅದೇ ಹಳ್ಳಿಯಲ್ಲಿ ಅದೇ ಬರವನ್ನು ಉಂಡು ಓಡದೇ ಉಳಿದ ಹುಡುಗಿಯರು ನೂರಾರು. ಲಲಿತಾ ಓಡಿದ್ದು ವರ್ಷಗಟ್ಟಲೆ ಮಾಡಿದ ಅಭ್ಯಾಸದಿಂದ ಮತ್ತು ರೈಲ್ವೆಯ ಕೆಲಸ ಕೊಟ್ಟ ಆಸರೆಯಿಂದ.

ಮುಂಬಯಿ ಮ್ಯಾರಥಾನ್ 2004ರಲ್ಲಿ ಶುರುವಾಯಿತು. ಸಾಮಾನ್ಯವಾಗಿ ಜನವರಿಯ ಮೂರನೆಯ ಭಾನುವಾರ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ರೈಲು ನಿಲ್ದಾಣದ ಎದುರಿನಿಂದ ಹೊರಡುವ ಈ ಓಟದಲ್ಲಿ ವಿದೇಶಿಯರ ಜೊತೆಗೆ ಭಾರತೀಯರಿಗೆ ಪ್ರತ್ಯೇಕ ಸ್ಥಾನಗಳೂ ಬಹುಮಾನಗಳೂ ಇವೆ. ಲಲಿತಾ ಭಾರತೀಯ ಮಹಿಳೆಯರ ವಿಭಾಗವನ್ನು 2012, 2013 ಮತ್ತು 2014ರಲ್ಲಿ ಸತತ ಮೂರು ಬಾರಿ ಗೆದ್ದರು. ಆ ದಾರಿಯನ್ನು ಬಲ್ಲವರಿಗೆ ಇದರ ತೂಕ ಗೊತ್ತು. ಮರೀನ್ ಡ್ರೈವ್, ಪೆಡ್ಡರ್ ರೋಡ್, ಹಾಜಿ ಅಲಿ, ವರಳಿ, ಅಲ್ಲಿಂದ ಸೀ ಲಿಂಕ್ ದಾಟಿ ಬಾಂದ್ರಾ, ತಿರುಗಿ ಮಾಹಿಮ್, ಶಿವಾಜಿ ಪಾರ್ಕ್, ಪ್ರಭಾದೇವಿಯ ಮೇಲಿಂದ ಮತ್ತೆ ಹಾಜಿ ಅಲಿ. ಕಾಲಲ್ಲಿ ಕಸುವು ಉಳಿದಿರದ ಆ ಹೊತ್ತಿನಲ್ಲಿ ಪೆಡ್ಡರ್ ರೋಡಿನ ಏರು ಎದುರಾಗುತ್ತದೆ, ಅಷ್ಟರಲ್ಲಿ ಬಿಸಿಲೂ ಏರಿರುತ್ತದೆ. ನಾನು ಹಲವು ವರ್ಷ ಆ ಏರಿನ ಬದಿಯಲ್ಲಿ ನಿಂತು ನೋಡಿದ್ದೇನೆ. ಅಲ್ಲಿ ಓಟಗಾರರ ಮುಖ ನೋಡಬೇಕಿಲ್ಲ, ಹೆಜ್ಜೆಯ ಸಪ್ಪಳ ಕೇಳಿದರೆ ಸಾಕು. ಕೆಳಗಿನ ಚೌಪಾಟಿಯ ಸಮತಟ್ಟಿನಲ್ಲಿ ಟಪ್ ಟಪ್ ಎಂದು ಒಂದೇ ಲಯದಲ್ಲಿ ಕೇಳುವ ಬೂಟು ಆ ಏರಿನಲ್ಲಿ ಎಳೆದಾಡುವ, ಉಜ್ಜುವ ಸದ್ದಿಗೆ ಇಳಿಯುತ್ತದೆ. ತೊಡೆಯ ಮುಂಭಾಗದ ಸ್ನಾಯು ಸೋತಿದೆ ಎಂಬುದಕ್ಕೆ ಬೇರೆ ಪುರಾವೆ ಬೇಡ.

ಮೊದಲ ತಿರುವು

ಮೂರನೆಯ ಗೆಲುವಿನ ನಂತರ, 2014ರಲ್ಲಿ, ಲಲಿತಾ 3000 ಮೀಟರ್ ಸ್ಟೀಪಲ್‌ಚೇಸ್‌ನತ್ತ ತಿರುಗಿದರು. ದೊಡ್ಡ ಕ್ರೀಡಾಕೂಟದಲ್ಲಿ ಪದಕ ಬೇಕು ಎಂಬುದು ಅವರ ಗುರಿಯಾಗಿತ್ತು. ಈ ತೀರ್ಮಾನದ ಹಿಂದಿನ ಲೆಕ್ಕವನ್ನು ನಾವು ಇಂದು ಹಿಂದಿರುಗಿ ನೋಡಿ ಮಾಡಬಹುದು. 2014ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇಂಚಿಯಾನ್‌ನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದ ಮಹಿಳಾ ಮ್ಯಾರಥಾನ್ ಅನ್ನು ಬಹರೇನ್‌ನ ಯೂನಿಸ್ ಕಿರ್ವಾ 2 ಗಂಟೆ 25 ನಿಮಿಷ 37 ಸೆಕೆಂಡಿನಲ್ಲಿ ಗೆದ್ದರು. ಆಗ ಭಾರತದ ರಾಷ್ಟ್ರೀಯ ದಾಖಲೆಯೇ 2 ಗಂಟೆ 39 ನಿಮಿಷದ ಮೇಲಿತ್ತು, ಅದೂ 1990ರ ದಶಕದ್ದು. ಅಂದರೆ ನಮ್ಮ ಅತ್ಯುತ್ತಮ ಓಟಕ್ಕೂ ಏಷ್ಯಾದ ಚಿನ್ನಕ್ಕೂ ನಡುವೆ ಹದಿಮೂರು ನಿಮಿಷಕ್ಕೂ ಹೆಚ್ಚಿನ ಅಂತರ. ಅದು ಒಂದು ಋತುವಿನಲ್ಲಿ ಮುಚ್ಚುವ ಕಂದಕವಲ್ಲ.

ಸ್ಟೀಪಲ್‌ಚೇಸ್‌ನ ಪರಿಸ್ಥಿತಿ ಬೇರೆ ಇತ್ತು. ಮಹಿಳೆಯರ ಸ್ಟೀಪಲ್‌ಚೇಸ್ ವಿಶ್ವ ಚಾಂಪಿಯನ್‌ಷಿಪ್‌ಗೆ ಬಂದದ್ದು 2005ರಲ್ಲಿ, ಒಲಿಂಪಿಕ್ಸ್‌ಗೆ ಬಂದದ್ದು 2008ರಲ್ಲಿ. ಇನ್ನೂ ಎಳೆಯ ಸ್ಪರ್ಧೆ. 2010ರ ಗುವಾಂಗ್‌ಜೌ ಏಷ್ಯನ್ ಕ್ರೀಡಾಕೂಟದಲ್ಲಿ ರಾಯ್‌ಬರೇಲಿಯ ಸುಧಾ ಸಿಂಗ್ ಇದರಲ್ಲಿ ಚಿನ್ನ ಗೆದ್ದು ದಾರಿಯನ್ನೂ ತೋರಿಸಿಬಿಟ್ಟಿದ್ದರು. ಇಂಚಿಯಾನ್‌ನಲ್ಲಿ ಬಹರೇನ್‌ನ ರುತ್ ಜೆಬೆಟ್ 9 ನಿಮಿಷ 31.36 ಸೆಕೆಂಡಿನಲ್ಲಿ ಮೊದಲಿಗರಾದರು. ಅವರ ಹಿಂದೆ ಚೀನಾದ ಲಿ ಝೆನ್‌ಝು 9 ನಿಮಿಷ 35.23, ಲಲಿತಾ 9 ನಿಮಿಷ 35.37, ಸುಧಾ 9 ನಿಮಿಷ 35.64. ಬೆಳ್ಳಿಗೂ ಕಂಚಿಗೂ ನಡುವೆ ಸೆಕೆಂಡಿನ ನೂರರಲ್ಲಿ ಹದಿನಾಲ್ಕು ಭಾಗ, ಕಂಚಿಗೂ ಬರಿಗೈಗೂ ನಡುವೆ ಇಪ್ಪತ್ತೇಳು ಭಾಗ. ಟ್ರ್ಯಾಕಿನ ಒಳಗೆರೆ ದಾಟಿದರೆಂದು ಜೆಬೆಟ್ ಅವರನ್ನು ಮೊದಲು ಅನರ್ಹಗೊಳಿಸಿ, ಆಮೇಲೆ ಚಿನ್ನ ಮರಳಿ ಕೊಟ್ಟದ್ದರಿಂದ ಲಲಿತಾ ಅವರ ಬೆಳ್ಳಿ ಕಂಚಾಯಿತು, ಸುಧಾ ಅವರ ಕೈಗೆ ಬಂದಿದ್ದ ಕಂಚು ಜಾರಿತು. ಏನೇ ಇರಲಿ, ರಾಷ್ಟ್ರೀಯ ದಾಖಲೆ ಸುಧಾ ಅವರಿಂದ ಲಲಿತಾ ಅವರಿಗೆ ಬಂತು. ಎಂಟು ತಿಂಗಳ ಹಿಂದೆ 42.195 ಕಿಲೋಮೀಟರ್ ಗೆದ್ದವರು 3 ಕಿಲೋಮೀಟರಿನಲ್ಲಿ ಏಷ್ಯಾದ ಪದಕ ಪಡೆದರು.

ಇದು ಹೇಗೆ ಸಾಧ್ಯವಾಯಿತು ಎಂಬಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಖಾನಾವಳಿಯ ಯಜಮಾನರು ‘ಕಟ್ಟಿಗೆ ಜಿಗಿಯುವುದು’ ಎಂದದ್ದನ್ನು ಬಹಳ ಜನ ಹಾಗೆಯೇ ತಿಳಿದಿದ್ದಾರೆ. ಒಂಬತ್ತೂವರೆ ನಿಮಿಷದ ಓಟದಲ್ಲಿ ದೇಹ ಖರ್ಚು ಮಾಡುವ ಶಕ್ತಿಯ ಬಹುಪಾಲು ಆಮ್ಲಜನಕವನ್ನು ಬಳಸಿಯೇ ಹುಟ್ಟುತ್ತದೆ. ಮ್ಯಾರಥಾನ್‌ನಲ್ಲಿ ಅದು ಹೆಚ್ಚುಕಡಿಮೆ ಪೂರ್ತಿ ಹಾಗೆಯೇ. ಹೃದಯ ಪ್ರತಿ ಬಡಿತಕ್ಕೆ ಎಷ್ಟು ರಕ್ತ ತಳ್ಳುತ್ತದೆ, ಆ ರಕ್ತದಿಂದ ಸ್ನಾಯು ಎಷ್ಟು ಆಮ್ಲಜನಕ ಹೀರುತ್ತದೆ, ಒಂದೇ ವೇಗಕ್ಕೆ ಎಷ್ಟು ಕಡಿಮೆ ಇಂಧನ ಸಾಕಾಗುತ್ತದೆ ಎಂಬ ಮೂರು ಸಂಗತಿಗಳನ್ನು ವರ್ಷಗಟ್ಟಲೆ ಉದ್ದದ ಓಟ ಓಡಿ ಸಂಪಾದಿಸಿದವರಿಗೆ ಆ ಗಳಿಕೆ ಎರಡೂ ಕಡೆ ಬಳಕೆಗೆ ಬರುತ್ತದೆ. ಬೇರೆಯಾಗಿ ಕಲಿಯಬೇಕಾದದ್ದು ಎರಡು. ಒಂದು, ವೇಗ. ಮ್ಯಾರಥಾನ್‌ನಲ್ಲಿ ಲಲಿತಾ ಅವರ ಅತ್ಯುತ್ತಮ ಓಟ ಕಿಲೋಮೀಟರಿಗೆ ಸುಮಾರು 3 ನಿಮಿಷ 45 ಸೆಕೆಂಡಿನದು. ಮುಂದೆ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅಡೆತಡೆಗಳನ್ನು ದಾಟುತ್ತಲೇ ಅವರು ಕಿಲೋಮೀಟರಿಗೆ 3 ನಿಮಿಷ 7 ಸೆಕೆಂಡಿಗಿಂತ ಕಡಿಮೆ ತೆಗೆದುಕೊಂಡರು. ಎರಡು, ಅಡೆತಡೆಯ ಕೌಶಲ.

ಸ್ಟೀಪಲ್‌ಚೇಸ್‌ನ ಅಡ್ಡಪಟ್ಟಿ ಹರ್ಡಲ್ಸ್‌ನದರಂತೆ ತಗುಲಿದರೆ ಬೀಳುವುದಿಲ್ಲ. ಅದು ದಪ್ಪ ಮರದ ತೊಲೆ. ತಗುಲಿದರೆ ಬೀಳುವವರು ನಾವು. ಮಹಿಳೆಯರಿಗೆ ಅದರ ಎತ್ತರ 76.2 ಸೆಂಟಿಮೀಟರ್. 3000 ಮೀಟರಿನಲ್ಲಿ ಇಂಥ 28 ಅಡೆತಡೆ, ಜೊತೆಗೆ 7 ಬಾರಿ ನೀರಿನ ಹೊಂಡ. ಒಟ್ಟು 35 ಸಲ ನೆಲ ಬಿಡಬೇಕು. ಹೊಂಡ 3.66 ಮೀಟರ್ ಉದ್ದ, ತೊಲೆಯ ಬುಡದಲ್ಲಿ ಆಳ, ಮುಂದೆ ಹೋದಂತೆ ಇಳಿಜಾರಾಗಿ ಟ್ರ್ಯಾಕಿನ ಮಟ್ಟಕ್ಕೆ ಏರುತ್ತದೆ. ದೂರ ಹಾರಿದವರ ಕಾಲು ಆಳವಿಲ್ಲದ ನೀರಿಗೆ ಬೀಳುತ್ತದೆ, ಮುಂದಿನ ಹೆಜ್ಜೆ ಒಣನೆಲಕ್ಕೆ ಬರುತ್ತದೆ. ಹತ್ತಿರ ಬಿದ್ದವರು ಮೊಣಕಾಲ ತನಕ ನೀರಿನಲ್ಲಿ ನಿಂತುಬಿಡುತ್ತಾರೆ, ಅಲ್ಲಿಂದ ಓಟವನ್ನು ಮತ್ತೆ ಮೊದಲಿನಿಂದ ಹುಟ್ಟಿಸಬೇಕಾಗುತ್ತದೆ. ಏಳು ಸುತ್ತಿನಲ್ಲಿ ಏಳು ಬಾರಿ ಹೀಗಾದರೆ ಕಳೆದುಹೋಗುವ ಸೆಕೆಂಡುಗಳೇ ಪದಕದ ಸೆಕೆಂಡುಗಳು.

ನಮ್ಮ ಮೈದಾನದಲ್ಲಿ ಇಂಥ ತೊಲೆ ಇರಲಿಲ್ಲ. ಬಡಗಿಯೊಬ್ಬರಿಗೆ ಅಳತೆ ಕೊಟ್ಟು ಎರಡು ಮಾಡಿಸಿದೆವು. ಈ ಹುಡುಗಿ ಮೊದಲ ವಾರ ಮಾಡಿದ ತಪ್ಪೆಂದರೆ ತೊಲೆ ಹತ್ತಿರ ಬರುತ್ತಿದ್ದಂತೆ ಎರಡು ಗಿಡ್ಡ ಹೆಜ್ಜೆ ಹಾಕಿ, ಸೊಂಟ ಕುಗ್ಗಿಸಿ, ಆಮೇಲೆ ಕೋಳಿ ಗೋಡೆ ಹತ್ತುವ ಹಾಗೆ ಮೇಲಕ್ಕೆ ಹಾರುತ್ತಿದ್ದಳು. ರಸ್ತೆ ಓಟಗಾರರೆಲ್ಲ ಮೊದಲು ಹೀಗೆಯೇ ಮಾಡುತ್ತಾರೆ. ಹತ್ತು ಮೀಟರ್ ಮೊದಲೇ ತೊಲೆಯನ್ನು ದಿಟ್ಟಿಸಿ, ಹೆಜ್ಜೆಯನ್ನು ಅಲ್ಲಿಂದಲೇ ಹೊಂದಿಸಿಕೊಂಡು, ಕೊನೆಯಲ್ಲಿ ವೇಗವನ್ನು ಕಿಂಚಿತ್ ಹೆಚ್ಚಿಸಿ ದಾಟಬೇಕು ಎಂಬುದು ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲ, ಮೊಣಕಾಲಿನ ಕೆಳಗೆ ನಾಲ್ಕು ತರಚುಗಾಯ ಆದ ಮೇಲೆ ತಿಳಿಯುತ್ತದೆ. ತಂದೆಗೆ ಭಯ ಹುಟ್ಟಿಸಿದ್ದು ಆ ತರಚುಗಾಯಗಳೇ.

2015ರ ಜನವರಿ 18

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಈ ಒಂದು ದಿನ. ಇಂಚಿಯಾನ್ ಕಂಚಿನ ನಂತರ ಹದಿನಾರು ವಾರಕ್ಕೆ ಲಲಿತಾ ಮತ್ತೆ ಮುಂಬಯಿಯ ರಸ್ತೆಗೆ ಬಂದರು. ಅವರೊಬ್ಬರೇ ಬರಲಿಲ್ಲ. ಭಾರತೀಯ ಮಹಿಳೆಯರಲ್ಲಿ ಅಂದು ಮೊದಲಿಗರಾದ ಓ.ಪಿ. ಜೈಷಾ ಇಂಚಿಯಾನ್‌ನಲ್ಲಿ 1500 ಮೀಟರಿನ ಕಂಚು ಗೆದ್ದಿದ್ದವರು, ಎರಡನೆಯವರು ಲಲಿತಾ, ಮೂರನೆಯವರು ಅದೇ ಇಂಚಿಯಾನ್ ಸ್ಟೀಪಲ್‌ಚೇಸ್‌ನಲ್ಲಿ ಕೂದಲೆಳೆಯಲ್ಲಿ ಕಂಚು ತಪ್ಪಿಸಿಕೊಂಡಿದ್ದ ಸುಧಾ ಸಿಂಗ್. ಜೈಷಾ 2 ಗಂಟೆ 37 ನಿಮಿಷ 29 ಸೆಕೆಂಡಿನಲ್ಲಿ ಓಡಿ ಎರಡು ದಶಕಗಳ ರಾಷ್ಟ್ರೀಯ ದಾಖಲೆಯನ್ನು ಮುರಿದರು. ಲಲಿತಾ ಅವರ 2 ಗಂಟೆ 38 ನಿಮಿಷ 21 ಸೆಕೆಂಡು ಕೂಡ ಆ ಹಳೆಯ ದಾಖಲೆಗಿಂತ ಉತ್ತಮವಾಗಿತ್ತು. ನಾಲ್ಕು ತಿಂಗಳ ಹಿಂದೆ ನಾಲ್ಕು ನಿಮಿಷ, ಒಂಬತ್ತು ನಿಮಿಷಗಳ ಓಟ ಓಡಿದ್ದ ಮೂವರು ಎರಡೂವರೆ ಗಂಟೆಗೂ ಮೀರಿದ ಓಟದಲ್ಲಿ ದೇಶದ ಮೊದಲ ಮೂರು ಸ್ಥಾನ ಪಡೆದು, ಮೂವರೂ ಆ ವರ್ಷದ ಬೀಜಿಂಗ್ ವಿಶ್ವ ಚಾಂಪಿಯನ್‌ಷಿಪ್‌ನ ಮ್ಯಾರಥಾನ್‌ಗೆ ಅರ್ಹತಾ ಸಮಯ ಸಾಧಿಸಿದರು.

ಆ ಭಾನುವಾರ ಏರಿನ ಬದಿಯಲ್ಲಿ ನನ್ನ ಜೊತೆ ಮಾಟುಂಗಾದ ಗೆಳೆಯರೊಬ್ಬರಿದ್ದರು. ಹಳೆಯ ಕಾಲದಲ್ಲಿ ಫೋರ್ಟ್‌ನ ಕನ್ನಡ ರಾತ್ರಿ ಶಾಲೆಯಲ್ಲಿ ಕಲಿತು, ಹೋಟೆಲಿನಲ್ಲಿ ಕೆಲಸ ಮಾಡಿಕೊಂಡೇ ಓಡುತ್ತಿದ್ದವರು. “ಮಾರಾಯ್ರೇ, ಇವರು ಟ್ರ್ಯಾಕಿನವರೋ ರಸ್ತೆಯವರೋ?” ಎಂದು ಅವರು ಕೇಳಿದ್ದು ನೆನಪಿದೆ. ನಮ್ಮ ಕಾಲದಲ್ಲಿ ಈ ಎರಡು ಪಂಗಡಗಳು ಒಂದರ ಮುಖ ಒಂದು ನೋಡುತ್ತಿರಲಿಲ್ಲ.

ಈಗ ಲಲಿತಾ ಅವರ ಮುಂದೆ ಎರಡು ಬಾಗಿಲು ತೆರೆದಿದ್ದವು, ಒಂದು ಮ್ಯಾರಥಾನ್, ಇನ್ನೊಂದು ಸ್ಟೀಪಲ್‌ಚೇಸ್. ಜೂನ್ ಮೊದಲ ವಾರ ವೂಹಾನ್‌ನಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 9 ನಿಮಿಷ 34.13 ಸೆಕೆಂಡಿನೊಂದಿಗೆ ಅವರು ಸ್ಟೀಪಲ್‌ಚೇಸ್ ಚಿನ್ನ ಗೆದ್ದಾಗ ಎರಡನೆಯ ಬಾಗಿಲು ಪೂರ್ತಿ ತೆರೆಯಿತು. ಬೀಜಿಂಗ್‌ನಲ್ಲಿ ಸ್ಟೀಪಲ್‌ಚೇಸ್ ಹೀಟ್ಸ್, ಅಂದರೆ ಫೈನಲ್‌ಗೆ ಆರಿಸುವ ಸುತ್ತು, ಆಗಸ್ಟ್ 24ಕ್ಕೆ, ಫೈನಲ್ 26ಕ್ಕೆ, ಮ್ಯಾರಥಾನ್ 30ಕ್ಕೆ. ವೇಳಾಪಟ್ಟಿಯ ಮಟ್ಟಿಗೆ ಹೇಳುವುದಾದರೆ ಎರಡನ್ನೂ ಓಡಲು ಅಡ್ಡಿಯಿರಲಿಲ್ಲ. ಅವರು ಸ್ಟೀಪಲ್‌ಚೇಸ್ ಒಂದನ್ನೇ ಓಡಿದರು. ಹೀಟ್ಸ್‌ನಲ್ಲಿ 9 ನಿಮಿಷ 27.86 ಸೆಕೆಂಡು, ಮತ್ತೊಂದು ರಾಷ್ಟ್ರೀಯ ದಾಖಲೆ. ಈ ಸ್ಪರ್ಧೆಯ ವಿಶ್ವ ಚಾಂಪಿಯನ್‌ಷಿಪ್ ಫೈನಲ್ ತಲುಪಿದ ಮೊದಲ ಭಾರತೀಯ ಮಹಿಳೆ ಎಂಬ ಗೌರವ. ಫೈನಲ್‌ನಲ್ಲಿ 9 ನಿಮಿಷ 29.64 ಸೆಕೆಂಡಿನೊಂದಿಗೆ ಎಂಟನೆಯ ಸ್ಥಾನ. ನಾಲ್ಕು ದಿನಗಳ ನಂತರ ಜೈಷಾ ಮತ್ತು ಸುಧಾ ಮ್ಯಾರಥಾನ್ ಓಡಿದರು. ಜೈಷಾ 2 ಗಂಟೆ 34 ನಿಮಿಷ 43 ಸೆಕೆಂಡಿನೊಂದಿಗೆ ತಮ್ಮದೇ ದಾಖಲೆಯನ್ನು ಉತ್ತಮಪಡಿಸಿ 18ನೆಯವರಾದರು, ಸುಧಾ 2 ಗಂಟೆ 35 ನಿಮಿಷ 35 ಸೆಕೆಂಡಿನೊಂದಿಗೆ 19ನೆಯವರಾದರು.

ಅಧ್ಯಯನ ಮಾಡುವವನಿಗೆ ಇಂಥ ಹೋಲಿಕೆ ಸಿಗುವುದು ಅಪರೂಪ. ಜನವರಿಯಲ್ಲಿ ಒಂದೇ ರಸ್ತೆಯಲ್ಲಿ ಐದು ನಿಮಿಷದ ಅಂತರದೊಳಗೆ ಗುರಿ ಮುಟ್ಟಿದ ಮೂವರಲ್ಲಿ ಒಬ್ಬರು ಒಂದು ದಾರಿ ಹಿಡಿದರು, ಇಬ್ಬರು ಇನ್ನೊಂದು ಹಿಡಿದರು, ಎಂಟು ತಿಂಗಳಲ್ಲಿ ಒಂದೇ ನಗರದಲ್ಲಿ ಒಂದೇ ವಾರ ಫಲಿತಾಂಶ ಬಂತು. ಬೀಜಿಂಗ್ ಸ್ಟೀಪಲ್‌ಚೇಸ್ ಗೆದ್ದ ಕೆನ್ಯಾದ ಹೈವಿನ್ ಜೆಪ್‌ಕೆಮೊಯ್ ಅವರ ಸಮಯ 9 ನಿಮಿಷ 19.11 ಸೆಕೆಂಡು. ಲಲಿತಾ ಅವರಿಗಿಂತ ಹತ್ತೂವರೆ ಸೆಕೆಂಡು ಮುಂದೆ, ಶೇಕಡಾ ಎರಡಕ್ಕೂ ಕಡಿಮೆ. ಮ್ಯಾರಥಾನ್ ಗೆದ್ದ ಇಥಿಯೋಪಿಯಾದ ಮಾರೆ ದಿಬಾಬಾ ಅವರ ಸಮಯ 2 ಗಂಟೆ 27 ನಿಮಿಷ 35 ಸೆಕೆಂಡು. ಜೀವಮಾನದ ಶ್ರೇಷ್ಠ ಓಟ ಓಡಿದ ಜೈಷಾ ಕೂಡ ಏಳು ನಿಮಿಷ ಹಿಂದಿದ್ದರು, ಶೇಕಡಾ ಐದರ ಸಮೀಪ. ಲಲಿತಾ ಅವರ ಮುಂಬಯಿ ಸಮಯವನ್ನು ಅದರ ಪಕ್ಕಕ್ಕಿಟ್ಟರೆ ಅಂತರ ಶೇಕಡಾ ಏಳನ್ನು ಮೀರುತ್ತದೆ. ಬೇರೆ ಬೇರೆ ಊರಿನ, ಬೇರೆ ಹವೆಯ ಓಟಗಳನ್ನು ಹೀಗೆ ಅಕ್ಕಪಕ್ಕ ಇಡುವುದರಲ್ಲಿ ದೋಷವಿದೆ, ಅದನ್ನು ಒಪ್ಪಿಕೊಂಡೇ ಹೇಳುತ್ತೇನೆ: ಆಕೆ ತನಗೆ ಎಲ್ಲಿ ಜಗತ್ತು ಹತ್ತಿರವಿತ್ತೋ ಆ ಬಾಗಿಲನ್ನೇ ಆರಿಸಿಕೊಂಡರು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಸ್ಟೀಪಲ್‌ಚೇಸ್‌ನಲ್ಲಿ ಹೆಸರು ಮಾಡಿದ ಮೇಲೆ ಆಕೆ ರಸ್ತೆಯನ್ನು ಶತ್ರುವಿನಂತೆ ಕಾಣಲಿಲ್ಲ. 2014ರ ಜನವರಿಯಲ್ಲಿ ರಸ್ತೆ, ಸೆಪ್ಟೆಂಬರ್‌ನಲ್ಲಿ ಟ್ರ್ಯಾಕ್. 2015ರ ಜನವರಿಯಲ್ಲಿ ಮತ್ತೆ ರಸ್ತೆ, ಜೂನ್ ಮತ್ತು ಆಗಸ್ಟ್‌ನಲ್ಲಿ ಮತ್ತೆ ಟ್ರ್ಯಾಕ್. ಮ್ಯಾರಥಾನ್ ಓಡಿದ ದೇಹ ತಿಂಗಳೊಪ್ಪತ್ತು ಹಣ್ಣಾಗಿರುತ್ತದೆ. ಇಳಿಜಾರಿನಲ್ಲಿ ಸ್ನಾಯುವಿನ ಎಳೆಗಳಿಗೆ ಬಿದ್ದ ಪೆಟ್ಟು ಮಾಯಬೇಕು, ಬರಿದಾದ ದಾಸ್ತಾನು ತುಂಬಬೇಕು, ಅದಾದ ಮೇಲೆಯೇ ಕಾಲಿಗೆ ಚುರುಕು ಹೇಳಿಕೊಡಬಹುದು. ಜನವರಿ 18ರಿಂದ ವೂಹಾನ್‌ವರೆಗೆ ಸಿಕ್ಕ ನಾಲ್ಕೂವರೆ ತಿಂಗಳು ಇದಕ್ಕೆ ಸರಿಯಾಗಿ ಸಾಲುತ್ತದೆ. ಮೂರು ವಾರದಲ್ಲಿ ಒಂದರಿಂದ ಇನ್ನೊಂದಕ್ಕೆ ಹಾರಿದ್ದರೆ ಈ ಪ್ರಕರಣ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಬಹುಮುಖ ಓಟಗಾರ್ತಿ ಎಂದು ನಾವು ಸುಮ್ಮನೆ ಅಂದುಬಿಡುತ್ತೇವೆ; ಈ ಪಂಚಾಂಗವನ್ನು ನೋಡಿದರೆ ಆ ಬಹುಮುಖತೆ ಚಳಿಗಾಲದ್ದು, ದೊಡ್ಡ ಕೂಟದ ದಿನ ಆಕೆಗೆ ಇದ್ದದ್ದು ಒಂದೇ ಮುಖ.

ರಿಯೊ ಮತ್ತು ನಂತರ

2016ರಲ್ಲಿ ಸುಧಾ ಸಿಂಗ್ ಸ್ಟೀಪಲ್‌ಚೇಸ್‌ಗೆ ಮರಳಿ ಬಂದು ಪೈಪೋಟಿಯನ್ನು ಬಿಗಿ ಮಾಡಿದರು. ಏಪ್ರಿಲ್‌ನಲ್ಲಿ ದೆಹಲಿಯ ಫೆಡರೇಷನ್ ಕಪ್‌ನಲ್ಲಿ ಲಲಿತಾ 9 ನಿಮಿಷ 27.09 ಓಡಿ ದಾಖಲೆ ಸುಧಾರಿಸಿದರೆ, ಮೇ ತಿಂಗಳಲ್ಲಿ ಶಾಂಘೈ ಡೈಮಂಡ್ ಲೀಗ್‌ನಲ್ಲಿ ಸುಧಾ 9 ನಿಮಿಷ 26.55 ಓಡಿ ಅದನ್ನು ಕಸಿದುಕೊಂಡರು. ಇಬ್ಬರೂ ಬೆಲಾರುಸ್‌ನ ನಿಕೊಲಾಯ್ ಸ್ನೆಸರೆವ್ ಅವರ ಕೈಯಲ್ಲಿ ಪಳಗಿದವರು. ತನ್ನ ಪಕ್ಕದಲ್ಲೇ ಓಡುವವಳು ದಾಖಲೆ ಒಯ್ಯುವುದು ಒಬ್ಬ ಓಟಗಾರ್ತಿಗೆ ಸಿಗಬಹುದಾದ ಅತ್ಯುತ್ತಮ ಔಷಧ ಎಂದು ನನ್ನ ನಂಬಿಕೆ. ಆಗಸ್ಟ್ 13ರಂದು ರಿಯೊ ಒಲಿಂಪಿಕ್ಸ್ ಹೀಟ್ಸ್‌ನಲ್ಲಿ ಲಲಿತಾ 9 ನಿಮಿಷ 19.76 ಸೆಕೆಂಡಿನಲ್ಲಿ ನಾಲ್ಕನೆಯವರಾಗಿ, ಸಮಯದ ಬಲದ ಮೇಲೆ ಫೈನಲ್‌ಗೆ ಹೋದರು. ಇಂಚಿಯಾನ್‌ನಿಂದ ಅಲ್ಲಿಗೆ ಎರಡು ವರ್ಷ ತುಂಬಿರಲಿಲ್ಲ, ಹದಿನೈದೂವರೆ ಸೆಕೆಂಡು ಕರಗಿತ್ತು. 1984ರ ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್ ಫೈನಲ್ ಓಡಿದ 32 ವರ್ಷಗಳ ನಂತರ ಒಲಿಂಪಿಕ್ಸ್‌ನ ಟ್ರ್ಯಾಕ್ ಫೈನಲ್‌ನಲ್ಲಿ ಭಾರತದ ಮಹಿಳೆಯೊಬ್ಬರು ಕಾಣಿಸಿಕೊಂಡರು.

ಫೈನಲ್ ನಡೆದದ್ದು ಆಗಸ್ಟ್ 15ರಂದು, ನಮಗೆ ಸಂಜೆ. ಮಾಟುಂಗಾದ ಅದೇ ಗೆಳೆಯರ ಮನೆಯಲ್ಲಿ ಕೂತು ನೋಡಿದೆವು. ರುತ್ ಜೆಬೆಟ್ 8 ನಿಮಿಷ 59.75 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಲಲಿತಾ 9 ನಿಮಿಷ 22.74 ಸೆಕೆಂಡಿನೊಂದಿಗೆ ಹತ್ತನೆಯವರು. ಹೀಟ್ಸ್‌ನ ಸಮಯವನ್ನೇ ಮತ್ತೆ ಓಡಿದ್ದರೆ ಏಳನೆಯ ಸ್ಥಾನ ಸಿಗುತ್ತಿತ್ತು. ಎರಡು ದಿನದ ಅಂತರದಲ್ಲಿ ಎರಡು ಜೀವಮಾನದ ಓಟ ಓಡುವುದು ಇನ್ನೂ ಕಲಿಯಬೇಕಿದ್ದ ಪಾಠವಾಗಿತ್ತು, ಅದನ್ನು ಕಲಿಯಲು ಆಕೆಗೆ ಇನ್ನೊಂದು ಒಲಿಂಪಿಕ್ಸ್ ಬೇಕಿತ್ತು. ಅದು ಒದಗಲಿಲ್ಲ. ರಿಯೊದಲ್ಲಿ ಆಕೆಗೆ 27 ವರ್ಷ. ಆ ಮಟ್ಟದ ಓಟ ಆಮೇಲೆ ಕಾಣಲಿಲ್ಲ. ಮದುವೆಯಾಯಿತು, ಮಹಾರಾಷ್ಟ್ರ ಸರಕಾರದ ಕಂದಾಯ ಇಲಾಖೆಯಲ್ಲಿ ಅಧಿಕಾರಿಯಾದರು. ಅದು ಅವರ ಬದುಕು, ಅವರ ಆಯ್ಕೆ, ಅದರ ಬಗ್ಗೆ ಹೊರಗಿನವರು ತೀರ್ಪು ಕೊಡಬಾರದು. ದೂರದ ಓಟದಲ್ಲಿ ಹೆಣ್ಣುಮಕ್ಕಳ ಬಲ ಮೂವತ್ತರ ಆಚೆಗೂ ಬೆಳೆಯುತ್ತದೆ ಎಂಬುದನ್ನು ಬಲ್ಲ ನನಗೆ ಮಾತ್ರ ಆ ನಷ್ಟ ಇಂದಿಗೂ ಚುಚ್ಚುತ್ತದೆ. ರಿಯೊದ ದಾಖಲೆ ಏಳು ವರ್ಷ ಉಳಿಯಿತು. 2023ರ ಆಗಸ್ಟ್‌ನಲ್ಲಿ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪಾರುಲ್ ಚೌಧರಿ 9 ನಿಮಿಷ 15.31 ಓಡಿ ಅದನ್ನು ಅಳಿಸಿದರು. ಪಾರುಲ್ ಅದೇ ವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 5000 ಮೀಟರಿನ ಚಿನ್ನವನ್ನೂ ಸ್ಟೀಪಲ್‌ಚೇಸ್ ಬೆಳ್ಳಿಯನ್ನೂ ಗೆದ್ದರು. ಬೀಡ್ ಜಿಲ್ಲೆಯ ಅವಿನಾಶ್ ಸಾಬಳೆ 2020ರ ನವೆಂಬರ್‌ನಲ್ಲಿ ದೆಹಲಿಯಲ್ಲಿ ಹಾಫ್ ಮ್ಯಾರಥಾನ್ ಅನ್ನು 1 ಗಂಟೆ 30 ಸೆಕೆಂಡಿನಲ್ಲಿ ಓಡಿ, 2022ರಲ್ಲಿ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಸ್ಟೀಪಲ್‌ಚೇಸ್ ಬೆಳ್ಳಿ ಗೆದ್ದದ್ದೂ ಇದೇ ಜಾಡಿನಲ್ಲಿ.

ಡೊಂಬಿವಲಿಯ ಹುಡುಗಿ

ಇಷ್ಟನ್ನೂ ಬರೆದುಕೊಂಡು ನಾನು ಖಾನಾವಳಿಗೆ ಹೋದೆ. ಮಧ್ಯಾಹ್ನದ ಗದ್ದಲ ಮುಗಿದಿತ್ತು. ಯಜಮಾನರು ಕೈ ಒರೆಸಿಕೊಂಡು ಬಂದು ಎದುರು ಕೂತರು, ಮಗಳು ರೊಟ್ಟಿಯ ಬುಟ್ಟಿ ಪಕ್ಕಕ್ಕಿಟ್ಟು ನಿಂತಳು. ರಸ್ತೆಯನ್ನು ಬಿಡಬೇಕಿಲ್ಲ ಎಂಬುದನ್ನು ಮೊದಲು ಹೇಳಿದೆ. ಜನವರಿಯವರೆಗೆ ಅವಳು ಹತ್ತು ಕಿಲೋಮೀಟರ್, ಹಾಫ್ ಮ್ಯಾರಥಾನ್ ಓಡಲಿ, ಬಹುಮಾನ ಮನೆಗೆ ಬರಲಿ; ಪೂರ್ತಿ ಮ್ಯಾರಥಾನ್ ಮಾತ್ರ ಇನ್ನೂ ಕೆಲವು ವರ್ಷ ಬೇಡ. ಫೆಬ್ರುವರಿಯಲ್ಲಿ ಮೂರು ವಾರ ಹಗುರ ಓಟ. ಮಾರ್ಚ್‌ನಿಂದ ತೊಲೆ, ವೇಗ, ಮತ್ತು ವಿಶ್ವವಿದ್ಯಾಲಯದ ಕೂಟಕ್ಕೆ ಸ್ಟೀಪಲ್‌ಚೇಸ್ ಒಂದೇ. ಒಂದೇ ತಿಂಗಳಲ್ಲಿ ಎರಡನ್ನೂ ಓಡುವಂತೆ ಯಾರೇ ಕರೆದರೂ, ಎಷ್ಟೇ ಹಣ ಇಟ್ಟರೂ, ಹೋಗಬಾರದು. ಈ ಕೊನೆಯ ಮಾತಿಗೆ ತಂದೆ ಒಪ್ಪುವುದು ಕಷ್ಟ ಎಂದುಕೊಂಡಿದ್ದೆ.

ಅವರು ಅಂಕಿಗಳನ್ನು ಬರೆದ ಕಾಗದವನ್ನು ಬಹಳ ಹೊತ್ತು ನೋಡಿದರು. “ಅಂದ್ರ ಸರ, ಹಿಂಗಾರಿ ಜ್ವಾಳ ತಕ್ಕೊಂಡ ಮ್ಯಾಲೆ ಹೊಲಾ ಒಂದ್ ನಾಕ ದಿನಾ ಬಿಡ್ತೀವಲ್ಲ, ಹಂಗ” ಎಂದರು. ನನಗೆ ಅದಕ್ಕಿಂತ ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ. ಆಮೇಲೆ ಅವರು ಕೇಳಿದ್ದು ಒಂದೇ: “ಆ ನೀರಿನ ತೆಗ್ಗು ಮುಂಬಯ್‌ದಾಗ ಇಲ್ಲೇನ್ರಿ?”

ನಮಗೆ ಅಭ್ಯಾಸಕ್ಕೆ ಒದಗುವ ಹೊಂಡ ಹತ್ತಿರದಲ್ಲಿ ಇರಲಿಲ್ಲ. ಮಾರ್ಚ್‌ನ ಒಂದು ಭಾನುವಾರ ಕಲ್ಯಾಣದಿಂದ ಬೆಳಗಿನ ಗಾಡಿ ಹಿಡಿದು ಪುಣೆಗೆ ಹೋಗಿ, ಬಾಲೇವಾಡಿಯ ಕ್ರೀಡಾಂಗಣಕ್ಕೆ ಹೋದೆವು. ತಂದೆಯೂ ಖಾನಾವಳಿಗೆ ರಜೆ ಹಾಕಿ ಬಂದಿದ್ದರು. ಮೊದಲ ಎರಡು ಸಲ ಅವಳು ತೊಲೆಯ ಮೇಲೆ ಕಾಲಿಟ್ಟು ನಿಂತೇಬಿಟ್ಟಳು. ಮೂರನೆಯ ಸಲ ಹಾರಿದವಳು ಆಳದಲ್ಲಿ ಬಿದ್ದು ಸೊಂಟದ ತನಕ ನೆನೆದಳು. ತಂದೆ ಎದ್ದು ಒಂದು ಹೆಜ್ಜೆ ಮುಂದೆ ಬಂದರು, ಮಾತಾಡಲಿಲ್ಲ. ಏಳನೆಯದೋ ಎಂಟನೆಯದೋ ಸಲ, ತೊಲೆಯನ್ನು ಅಂಗಾಲಿನ ನಡುವಿನಿಂದ ಹಿಂದಕ್ಕೆ ಒದ್ದು, ಎಡಗಾಲು ಕಣಕಾಲು ಮುಳುಗುವಷ್ಟೇ ನೀರಿಗೆ ಇಳಿದು, ಬಲಗಾಲು ಒಣ ಟ್ರ್ಯಾಕಿನ ಮೇಲೆ ಬಿತ್ತು. ಅವಳು ನಿಲ್ಲದೆ ತಿರುವಿನತ್ತ ಓಡಿಹೋದಳು, ಹಿಂದೆ ಒದ್ದೆ ಹೆಜ್ಜೆಗಳು ಒಂದೇ ಅಂತರದಲ್ಲಿ ಬಿದ್ದಿದ್ದವು.